ಕನಕಪುರ ರಸ್ತೆಯಿಂದ ಕರಿ ಸ್ಪೀಡ್‌ವೇಗೆ: ಮನೆಮಂದಿಯೆಲ್ಲ ರೇಸ್ ನೋಡಿ ಬನ್ನಿ

ಮಕ್ಕಳನ್ನು ಕಟ್ಟಿಕೊಂಡು ಕಾರ್ ರೇಸ್ ನೋಡಲು ಎಲ್ಲಿಗೆ ಹೋಗಬೇಕು ಎಂದು ಚನ್ನಪಟ್ಟಣದ ಗೆಳತಿಯೊಬ್ಬಳು ಕೇಳಿದಳು. ರಾಮನಗರ, ಕನಕಪುರ, ಮಾಗಡಿ ಕಡೆಯ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದಕ್ಕಿಂತ ದೊಡ್ಡದು, ನಿಜ. ಆದರೆ ಅಲ್ಲಿ ಕಾರು ಒಂದು ಸಲ ಕಣ್ಣೆದುರು ಹಾದು ಹೋದರೆ ಮತ್ತೆ ಬರುವವರೆಗೆ ಕಾಯಬೇಕು. ಕರಿ ಟ್ರ್ಯಾಕ್‌ನ ಉದ್ದ ಸುಮಾರು 2.1 ಕಿ.ಮೀ. ಮಾತ್ರ. ಗ್ಯಾಲರಿಯಲ್ಲಿ ಕೂತರೆ ಓಟದ ಬಹುಭಾಗ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ನೋಡುವ ಮಕ್ಕಳಿಗೆ ಇದೇ ಸರಿ.

ಇನ್ನೊಂದು ಕಾರಣ ದಾರಿ. ಕನಕಪುರದ ನಡುವೆ ಹಾಯುವ ಹೆದ್ದಾರಿಯೇ ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ದಾಟಿ ನೇರ ಕೊಯಮತ್ತೂರಿಗೆ ಹೋಗುತ್ತದೆ. ಹಿಂದೆ 209 ಎನ್ನುತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗಿನ ಸಂಖ್ಯೆ 948. ರಾಮನಗರ, ಮಾಗಡಿಯವರು ಕನಕಪುರಕ್ಕೆ ಬಂದು ಹಿಡಿಯಲಿ, ಚನ್ನಪಟ್ಟಣದವರು ಸಾತನೂರಿನಲ್ಲಿ ಸೇರಿಕೊಳ್ಳಲಿ. ಹೊಸೂರು, ಸೇಲಂ ಮೇಲೆ ಹೋಗಿ ಎಂದು ಹೇಳುವವರ ಮಾತು ಕೇಳಬೇಡಿ. ಆ ದಾರಿ ಅಗಲ ಇರಬಹುದು, ಆದರೆ ನಮ್ಮ ಕಡೆಯವರಿಗೆ ಸುತ್ತು. ಹೊರಡುವ ಹೊತ್ತಿಗೇ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅರ್ಧ ಉತ್ಸಾಹ ಸೋರಿಹೋಗುತ್ತದೆ.

ಚಾಮರಾಜನಗರದವರೆಗೆ ಹೇಳುವಂಥದ್ದೇನಿಲ್ಲ. ಅಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ, ಮುಂದೆ ಕಾಡು. ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ ಹಾಸನೂರು, ಆಮೇಲೆ ದಿಂಬಂ ಘಾಟಿ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಈ ಇಳಿಜಾರಿನಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ನಾವು ಒಂದು ಸರಕು ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡು ತೆವಳಿದೆವು. ಹಿಂದಿನ ಸೀಟಿನಲ್ಲಿದ್ದ ಮಕ್ಕಳಿಬ್ಬರಿಗೂ ವಾಂತಿ. ಘಾಟಿಗೆ ಮೊದಲು ಮಕ್ಕಳಿಗೆ ಎಣ್ಣೆ ತಿಂಡಿ ಕೊಡಬೇಡಿ, ನಿಂಬೆಹಣ್ಣು ಕೈಲಿರಲಿ. ಕಬ್ಬಿನ ಲಾರಿಗಳನ್ನು ತಡೆದು ನಿಲ್ಲಿಸುವ ಆನೆಗಳು ಈ ರಸ್ತೆಯಲ್ಲಿ ಹೆಸರುವಾಸಿ. ಆನೆ ಕಂಡರೆ ದೂರದಲ್ಲೇ ನಿಲ್ಲಿ, ಫೋಟೋಗೆಂದು ಇಳಿಯಲೇಬೇಡಿ. ವನ್ಯಜೀವಿಗಳ ಸಾವು ತಡೆಯಲು 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿದ್ದಿದೆ. ಹೋಗುವಾಗಲೂ ಬರುವಾಗಲೂ ಹಗಲಲ್ಲೇ ಘಾಟಿ ದಾಟುವ ಹಾಗೆ ಲೆಕ್ಕ ಹಾಕಿಕೊಳ್ಳಿ. ಹಾಸನೂರು, ತಾಳವಾಡಿ ಸುತ್ತ ಕನ್ನಡ ಧಾರಾಳವಾಗಿ ನಡೆಯುತ್ತದೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ತಾಳವಾಡಿಯ ಹತ್ತಿರವೇ ಇದೆ. ಹಿರಿಯರು ಜೊತೆಗಿದ್ದರೆ ಅರ್ಧ ದಿನ ಅದಕ್ಕೆ ಎತ್ತಿಡಿ.

ಕರಿ ಟ್ರ್ಯಾಕ್ ಇರುವುದು ಕೊಯಮತ್ತೂರಿನ ದಕ್ಷಿಣಕ್ಕೆ, ಚೆಟ್ಟಿಪಾಳಯಂನಲ್ಲಿ. ರೇಸ್ ಕಾರುಗಳನ್ನು ತಾವೇ ಕಟ್ಟುತ್ತಿದ್ದ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರ ನೆನಪಿಗೆ ಈ ಹೆಸರು. ಕಡಿಮೆ ಖರ್ಚಿನಲ್ಲಿ ಹುಡುಗರು ರೇಸಿಗಿಳಿಯಲಿ ಎಂದು ಮಾರುತಿ ಎಂಜಿನ್ ಕೂರಿಸಿ ಅವರು ಮಾಡಿದ್ದೇ ಫಾರ್ಮುಲಾ ಮಾರುತಿ ಕಾರು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ, ಇದೇ ಊರಿನ ನರೈನ್ ಕಾರ್ತಿಕೇಯನ್, ರೇಸಿಂಗ್ ಶುರು ಮಾಡಿದ್ದು ಆ ಕಾರಿನಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಈ ಕಥೆಯನ್ನು ದಾರಿಯಲ್ಲೇ ಮಕ್ಕಳಿಗೆ ಹೇಳಿ, ಟ್ರ್ಯಾಕ್ ನೋಡುವ ಕಣ್ಣೇ ಬದಲಾಗುತ್ತದೆ.

ಜೆಕೆ ಟೈರ್ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸುತ್ತುಗಳು ಇಲ್ಲಿ ನಡೆಯುತ್ತವೆ. ದಿನಾಂಕ ಖಚಿತಪಡಿಸಿಕೊಂಡೇ ರೂಮು ಕಾದಿರಿಸಿ. 2025ರ ಆಗಸ್ಟಿನಲ್ಲಿ ಇಂಡಿಯನ್ ರೇಸಿಂಗ್ ಫೆಸ್ಟಿವಲ್ ಶುರುವಾದದ್ದೂ ಇಲ್ಲೇ. ಅದರಲ್ಲಿ ಬೆಂಗಳೂರು ತಂಡದ ಒಡೆಯ ನಮ್ಮ ಕಿಚ್ಚ ಸುದೀಪ್. ಇಲ್ಲಿನ ಓಟಗಳಲ್ಲಿ ನನ್ನ ಮೆಚ್ಚಿನದು ಮಾತ್ರ ಎಲ್‌ಜಿಬಿ ಫಾರ್ಮುಲಾ 4. ಎಲ್ಲರದ್ದೂ ಒಂದೇ ಥರದ ಕಾರು, ಒಂದೇ 1300 ಸಿಸಿ ಎಂಜಿನ್. ಹಣದ ಬಲ ಇಲ್ಲಿ ನಡೆಯುವುದಿಲ್ಲ. ಎಲ್ಲಿ ಬ್ರೇಕ್ ಒತ್ತಬೇಕು, ಯಾವ ತಿರುವಿನಲ್ಲಿ ಮೂಗು ತೂರಿಸಬೇಕು ಎಂಬುದರಲ್ಲೇ ಗೆಲುವು. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆ ತಪ್ಪಿಸಿಕೊಂಡು ಬಂದವನು ಕೊನೆಗೆ ಪಕ್ಕಕ್ಕೆ ಜರುಗಿ ಮುನ್ನುಗ್ಗುವುದನ್ನು ಒಂದು ಸಲ ನೋಡಿದರೆ ಟಿ.ವಿ.ಯ ರೇಸ್ ಸಪ್ಪೆ ಎನಿಸುತ್ತದೆ.

ಭಾನುವಾರ ಮಾತ್ರ ಹೋಗಿ ಬರುತ್ತೇವೆ ಎನ್ನಬೇಡಿ. ಶನಿವಾರವೇ ಹೋಗಿ. ಅರ್ಹತಾ ಸುತ್ತು ನೋಡಿದವರಿಗೆ ಮಾತ್ರ ಮರುದಿನ ಯಾರು ಎಲ್ಲಿಂದ ಹೊರಡುತ್ತಾರೆ, ಏಕೆ ಎಂಬುದು ಅರ್ಥವಾಗುತ್ತದೆ. ಜನವೂ ಕಡಿಮೆ. ಕೇಳಿಕೊಂಡರೆ ಪ್ಯಾಡಕ್‌ನಲ್ಲಿ ಟೈರ್ ಬದಲಿಸುವುದನ್ನು ಹತ್ತಿರದಿಂದ ನೋಡಲೂ ಬಿಟ್ಟಾರು. ಹಳದಿ ಬಾವುಟ ಎಂದರೆ ಮುಂದೆ ಅಪಾಯ, ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ; ಕೆಂಪು ಎಂದರೆ ರೇಸ್ ನಿಂತಿತು. ಇಷ್ಟು ತಿಳಿದಿದ್ದರೆ ಸಾಕು. ಮಕ್ಕಳ ಕಿವಿಗೆ ಇಯರ್‌ಪ್ಲಗ್ ಕಡ್ಡಾಯ. ಟೋಪಿ, ನೀರು, ಮೊಸರನ್ನದ ಡಬ್ಬಿ ಜೊತೆಗಿರಲಿ.

ಸ್ವಂತ ವಾಹನ ಇಲ್ಲದವರು ಹಿಂದಿರುಗುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ. ಒಮ್ಮೆ ನಾವು ಆಟೊದಲ್ಲಿ ಹೋಗಿದ್ದಾಗ, ಸಂಜೆ ರೇಸ್ ಮುಗಿದ ಮೇಲೆ ಒಬ್ಬ ಆಟೊದವನು ಹೋಗುವಾಗಿನ ಎರಡರಷ್ಟು ಕೇಳಿದ, ಮಕ್ಕಳು ದಣಿದಿದ್ದಾರೆಂದು ಕಂಡು ಇನ್ನಷ್ಟು ಏರಿಸಿದ. ಹೋಗುವಾಗಲೇ ಎರಡೂ ಕಡೆಯ ಬಾಡಿಗೆ ಮಾತಾಡಿ, ದುಡ್ಡು ಕೊನೆಗೆ ಕೊಡಿ.

ಸಮಯ ಉಳಿದರೆ ಅವಿನಾಶಿ ರಸ್ತೆಯ ಜೀಡಿ ಕಾರ್ ಮ್ಯೂಸಿಯಂಗೆ ಹೋಗಿ. ಜಿ.ಡಿ. ನಾಯ್ಡು ಮನೆತನದ ಹಳೆಯ ಕಾರುಗಳ ಸಂಗ್ರಹ ಅಲ್ಲಿದೆ. ಸೋಮವಾರ ರಜೆ. ಇದೇ ವಾರಾಂತ್ಯಕ್ಕೆ ಊಟಿಯನ್ನೂ ಸೇರಿಸಬೇಡಿ, ಎರಡೂ ಕೆಡುತ್ತವೆ.

ಕೊನೆಯ ಮಾತು ಹೆತ್ತವರಿಗೆ. ರಾಮನಗರ, ಚನ್ನಪಟ್ಟಣದ ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ ಇದೆ. 2023ರಲ್ಲಿ ಅಪಘಾತಗಳು ಹೆಚ್ಚಿ, ಮುಖ್ಯ ಪಥಕ್ಕೆ ಬೈಕ್ ಬರದಂತೆ ನಿಷೇಧಿಸಿ, ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿಯನ್ನು ಬಿಗಿಗೊಳಿಸಬೇಕಾಯಿತು. ವೇಗದ ಹುಚ್ಚಿರುವ ಮಗನನ್ನೋ ಮಗಳನ್ನೋ ಬೈದು ಪ್ರಯೋಜನವಿಲ್ಲ. ಹೆಲ್ಮೆಟ್, ಬೆಂಕಿ ತಡೆಯುವ ಅಂಗಿ, ಬಾವುಟ ಹಿಡಿದ ಮಾರ್ಷಲ್, ಸಿದ್ಧವಾಗಿ ನಿಂತ ಆಂಬುಲೆನ್ಸ್ ಇಷ್ಟೂ ಇದ್ದಾಗ ಮಾತ್ರ ರೇಸ್ ನಡೆಯುತ್ತದೆ ಎಂಬುದನ್ನು ಅವರ ಕಣ್ಣಿಗೆ ತೋರಿಸಿ. ಈ ವರ್ಷವೇ ಒಂದು ವಾರಾಂತ್ಯ ಬಿಡುವು ಮಾಡಿಕೊಂಡು ಕರೆದುಕೊಂಡು ಹೋಗಿ.