ಟೊಮೆಟೊಗೆ ದಿನಕ್ಕೆಷ್ಟು ನೀರು?

ಸದಾ ಹರಿಯುವ ನದಿಯೊಂದೂ ಇಲ್ಲದ ಕೋಲಾರದಲ್ಲಿ ಟೊಮೆಟೊ ಬೆಳೆ ನಿಂತಿರುವುದೇ ಕೊಳವೆಬಾವಿಯ ಮೇಲೆ. ಅಲ್ಲಿ ನೀರಿನ ಲೆಕ್ಕ ತಪ್ಪಿದರೆ ಮೋಟರೂ ಸುಮ್ಮನೆ ಓಡುತ್ತದೆ, ಬೇರೂ ಕೊಳೆಯುತ್ತದೆ.

ಮಣ್ಣಿನಿಂದ ಆವಿಯಾಗುವ ನೀರು ಮತ್ತು ಎಲೆಗಳು ಹೊರಬಿಡುವ ನೀರು, ಇವೆರಡೂ ಸೇರಿದ್ದು ಬಾಷ್ಪೀಭವನ-ಬಾಷ್ಪವಿಸರ್ಜನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿದ 56ನೇ ನೀರಾವರಿ ಕೈಪಿಡಿ ಇದಕ್ಕೆ ಪೆನ್‌ಮನ್-ಮಾಂಟೀತ್ ಸಮೀಕರಣವನ್ನು ಮಾನದಂಡವಾಗಿಸಿತು. ಬಿಸಿಲು, ಉಷ್ಣಾಂಶ, ತೇವಾಂಶ, ಗಾಳಿಯ ವೇಗಗಳಿಂದ 12 ಸೆಂ.ಮೀ. ಎತ್ತರದ ಕಾಲ್ಪನಿಕ ಹುಲ್ಲಿನ ನೀರಿನ ಬಳಕೆ ತಿಳಿಯುತ್ತದೆ. ಅದನ್ನು ಬೆಳೆ ಗುಣಾಂಕದಿಂದ ಗುಣಿಸಿದರೆ ತರಕಾರಿಯ ಲೆಕ್ಕ ಸಿಗುತ್ತದೆ.

ಟೊಮೆಟೊ ಗುಣಾಂಕ ಆರಂಭದಲ್ಲಿ 0.6, ಬೆಳೆ ತುಂಬಿ ನಿಂತಾಗ 1.15, ಕೊನೆಗೆ 0.7ರಿಂದ 0.9. ಹುಲ್ಲಿನ ಬಳಕೆ ದಿನಕ್ಕೆ 5 ಮಿ.ಮೀ. ಎಂದುಕೊಂಡರೆ, ತುಂಬುಬೆಳೆಗೆ 5.75 ಮಿ.ಮೀ. ಬೇಕು. ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್. ಹಾಗಾಗಿ ತುಂಬುಬೆಳೆಗೆ ದಿನಕ್ಕೆ ಎಕರೆಗೆ ಸುಮಾರು 23,270 ಲೀಟರ್. ಹನಿ ನೀರಾವರಿಯ ದಕ್ಷತೆ ಶೇ. 90 ಆದರೆ ಸುಮಾರು 25,860 ಲೀಟರ್ ಬಿಡಬೇಕು. ಹಲವರು ಎಡವುವುದು ಇಲ್ಲೇ: ದಕ್ಷತೆಯಿಂದ ಗುಣಿಸಬಾರದು, ಭಾಗಿಸಬೇಕು.

ಹವಾಮಾನ ಕೇಂದ್ರ ದೂರವಿದ್ದರೆ ‘ಎ’ ವರ್ಗದ ಬಾಷ್ಪಮಾಪಕ ತಟ್ಟೆ ಸಾಕು. ವ್ಯಾಸ 120.7 ಸೆಂ.ಮೀ., ಅದರಲ್ಲಿ ಆವಿಯಾದ ನೀರನ್ನು ಹುಲ್ಲಿನ ಬಳಕೆಗೆ ಇಳಿಸುವ ತಟ್ಟೆ ಗುಣಾಂಕ ಸಾಮಾನ್ಯವಾಗಿ 0.7ರ ಆಸುಪಾಸು.