ಅಕ್ಕಿ ಮೂಟೆ ಮತ್ತು ಅಂಗೈಯ ಲಿಂಗ

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ದಾವಣಗೆರೆಯ ನಮ್ಮ ಮನೆಯಲ್ಲಿ ಸೋನಾ ಮಸೂರಿಯ ಒಂದು ಮೂಟೆ ಇತ್ತು. ವಾರದೊಳಗೆ ನಾಲ್ಕಾಯಿತು, ಒಂದೊಂದೂ 25 ಕಿಲೋ. ಇರುವವರು ನಾನು, ನಮ್ಮ ಯಜಮಾನರು, ಇಬ್ಬರೇ. ಆದರೂ ಉಗ್ರಾಣದ ಬಾಗಿಲು ತೆಗೆದು ಆ ಮೂಟೆಗಳನ್ನು ನೋಡಿದಾಗಲೆಲ್ಲ ಎದೆಗೆ ಧೈರ್ಯ ಬರುತ್ತಿತ್ತು. ಅದು ದೇವರು ಕೊಟ್ಟ ಧೈರ್ಯವೆಂದೇ ನಂಬಿದ್ದೆ.

ಏಪ್ರಿಲ್‌ನಲ್ಲಿ ನಮ್ಮ ಮನೆಗೆಲಸದಾಕೆ ಗೇಟಿನ ಹೊರಗೇ ನಿಂತು ಕೇಳಿದಳು: “ಅಕ್ಕಾರೆ, ಒಂದೀಟು ಅಕ್ಕಿ ಇದ್ರೆ ಕೊಡ್ರಿ. ಪಗಾರದಾಗೆ ಹಿಡ್ಕಳ್ರಿ.” ಎರಡು ಸೇರು ಅಳೆದು ಕೊಟ್ಟೆ. “ನಮಗೂ ಅಷ್ಟಕ್ಕಷ್ಟೇ ಐತಮ್ಮ” ಎಂದೂ ಹೇಳಿದೆ. ಬೆಳಿಗ್ಗೆಯಷ್ಟೇ ಮಂತ್ರ ಹೇಳಿ ಲಿಂಗಪೂಜೆ ಮುಗಿಸಿದ ಬಾಯಿ ಅದು.

ಅಲ್ಲಿಂದ ಪೂಜೆ ಕೆಟ್ಟಿತು. ಅಂಗೈ ಮೇಲಿನ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟರೆ ಮನಸ್ಸು ಉಗ್ರಾಣದಲ್ಲಿ: ತಂಡಿ ಹತ್ತಿತೇ, ಇಲಿ ಬಂತೇ, ಆಕೆಯ ಕಣ್ಣಿಗೇನಾದರೂ ಮೂಟೆ ಬಿತ್ತೇ? ಜೂನ್‌ನಲ್ಲಿ ಎರಡನೆಯ ಮೂಟೆ ಬಿಚ್ಚಿದೆ. ನುಸಿ. ಮೂರನೆಯದರಲ್ಲೂ ನುಸಿ.

ತಾರಸಿಯ ಮೇಲೆ ಹರವಿ, ಮೊರ ಹಿಡಿದು ಕೂತಾಗ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಇಂದಿನ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ 12ನೆಯ ಶತಮಾನದ ಶರಣೆ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಗಂಡ ಮಾರಯ್ಯ ಆಯ್ದು ತರುತ್ತಿದ್ದ, ಅದರಲ್ಲೇ ಅವರ ದಾಸೋಹ. ಒಂದು ದಿನ ಅವನು ಹೆಚ್ಚು ತಂದಾಗ, ತಂದಲ್ಲೇ ಸುರಿದು ಬರಲು ಹೇಳಿದಳು. ಅಜ್ಜಿ ಈ ಕಥೆ ಹೇಳುವಾಗಲೆಲ್ಲ, ಅಷ್ಟು ಜನರಿಗೆ ಉಣಬಡಿಸುವವಳು ಬಂದ ಅಕ್ಕಿಯನ್ನು ಯಾಕೆ ಬೇಡವೆಂದಳು ಎಂದು ನಾನು ಜಗಳ ತೆಗೆಯುತ್ತಿದ್ದೆ. ಆ ಬಿಸಿಲಿನಲ್ಲಿ ತಿಳಿಯಿತು. ಹೆಚ್ಚಿನ ಅಕ್ಕಿಯ ಬೆನ್ನಿಗೇ ನಾಳೆಯ ಭಯವೂ ಮನೆ ಹೊಗುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಭಯ ಹೊಕ್ಕ ಮನೆಯಲ್ಲಿ ಲಿಂಗಕ್ಕೆ ಜಾಗವೆಲ್ಲಿ?

ಹಸನು ಮಾಡಿದ ಅಕ್ಕಿಯನ್ನು ಮನೆಗೆಲಸದಾಕೆಗೆ ಕೊಟ್ಟುಬಿಡೋಣ ಎಂದು ಮೊದಲು ಅನಿಸಿದ್ದು ನಿಜ. ಹುಳ ತಿಂದು ಉಳಿದದ್ದನ್ನು ಕೊಟ್ಟು ಬಿಟ್ಟುಕೊಟ್ಟೆ ಅನ್ನಲು ಮನಸ್ಸು ಒಪ್ಪಲಿಲ್ಲ. ಅದನ್ನು ನಾವೇ ಉಂಡೆವು. ನುಸಿ ತಗುಲದ ನಾಲ್ಕನೆಯ ಮೂಟೆಯನ್ನು ಆಕೆಯ ಮನೆಗೆ ಮುಟ್ಟಿಸಿದೆವು. “ತಿಂಗಳಿಗೆ ಎಷ್ಟು ಹಿಡೀತೀರಿ ಅಕ್ಕಾರೆ?” ಎಂದು ಕೇಳಿದಳು. ಆ ಪ್ರಶ್ನೆಯನ್ನು ಕಲಿಸಿದವಳು ನಾನೇ.

ಈಗ ತಿಂಗಳಿಗಾಗುವಷ್ಟೇ ತರುತ್ತೇವೆ. ನಮ್ಮ ಡಬ್ಬಿ ತುಂಬುವ ಮೊದಲೇ ಒಂದು ಪಾಲಿನ ಹಣ ತೆಗೆದಿಟ್ಟು, ವರ್ಷಕ್ಕೊಮ್ಮೆ ತುಮಕೂರಿನ ಸಿದ್ಧಗಂಗಾ ಮಠದ ದಾಸೋಹಕ್ಕೆ ಅದನ್ನು ಸಲ್ಲಿಸುತ್ತೇವೆ. ದರ ಏರಿದ ಸುದ್ದಿ ಕೇಳಿದರೆ ಇನ್ನೊಂದು ಮೂಟೆ ಇರಲಿ ಎಂದು ಜೀವ ಇವತ್ತಿಗೂ ಎಳೆಯುತ್ತದೆ. ಉಗ್ರಾಣ ಖಾಲಿಯಾದಾಗಿನಿಂದ ಪೂಜೆಗೆ ಅಲ್ಲೇ ಮಣೆ ಹಾಕಿಕೊಂಡು ಕೂರುತ್ತೇನೆ. ಎಣಿಸಲು ಏನೂ ಇಲ್ಲದ್ದರಿಂದ ಕಣ್ಣು ಲಿಂಗದ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ.