ಕಾಣಿಕೆಗೆ ಮೊದಲು ಸಮಾಧಾನ



ಬೆಟ್ಟ ಹತ್ತಿ ಬರುವವರ ಕೈಯಲ್ಲಿ ಮೇಣದಬತ್ತಿ ಇರುತ್ತದೆ, ಹೂವಿನ ಹಾರ ಇರುತ್ತದೆ, ಹರಕೆಯ ಕಾಣಿಕೆ ಇರುತ್ತದೆ. ಮನಸ್ಸಿನಲ್ಲಿ ಏನಿದೆ ಅನ್ನೋದು ಅವರವರಿಗೇ ಗೊತ್ತು. ಯೇಸುಸ್ವಾಮಿ ಬೆಟ್ಟದ ಮೇಲೆ ಕುಳಿತು ಬೋಧಿಸಿದಾಗ ಈ ವಿಷಯವನ್ನೇ ಎತ್ತಿದರು. ಬಲಿಪೀಠದ ಮುಂದೆ ನಿಂತವನಿಗೆ, ತನ್ನ ಮೇಲೆ ಸೋದರನಿಗೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು ಮೊದಲು ಅವನ ಬಳಿ ಹೋಗಬೇಕು (ಮತ್ತಾಯ 5:23-24). ಕೇಳುತ್ತಾ ಕುಳಿತಿದ್ದವರು ಗಲಿಲೇಯದ ಜನ. ಬಲಿಪೀಠ ಇದ್ದದ್ದು ನೂರು ಕಿಲೋಮೀಟರಿಗೂ ದೂರದ ಜೆರುಸಲೇಮಿನಲ್ಲಿ. ಕಾಲ್ನಡಿಗೆಯಲ್ಲಿ ಊರಿಗೆ ಹೋಗಿ, ರಾಜಿಯಾಗಿ, ಮತ್ತೆ ಬರಬೇಕೆಂದರೆ ಎಷ್ಟು ದಿನ! ಅಷ್ಟು ದಿನ ಕಾಣಿಕೆ ಕಾಯಲಿ ಎಂಬುದೇ ಸ್ವಾಮಿಯ ಮಾತು.

ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಭಕ್ತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದವರ ಜೀವ ಪಕ್ಕದವನ ಎಚ್ಚರದಲ್ಲಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದುಡ್ಡು ಕಮ್ಮಿಯಾದ ಕಡೆ ಜಗಳ ಜಾಸ್ತಿ. ಅಪ್ಪನಿಗೆ ಬಂದ ಹಣ ಯಾರಿಗೆ ಎಷ್ಟು, ಇರೋ ಒಂದು ಕ್ವಾರ್ಟರ್ಸು ಯಾರಿಗೆ ಎಂದು ಅಣ್ಣತಮ್ಮಂದಿರು ಮಾತು ಬಿಟ್ಟರು ಎಂದುಕೊಳ್ಳಿ. ಇಬ್ಬರೂ ಬೆಳಿಗ್ಗೆ ಒಂದೇ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಣ್ಣ ಹತ್ತಿದ ಬೋಗಿಗೆ ತಮ್ಮ ಹತ್ತೋದಿಲ್ಲ. ಭಾನುವಾರ ಇಬ್ಬರೂ ಪೂಜೆಗೆ ತಪ್ಪಿಸುವುದಿಲ್ಲ.

ಇಂಥವರಿಗೆ 'ಸಣ್ಣ ವಿಷಯ, ಮರೆತುಬಿಡಿ' ಅಂದರೆ ಸಿಟ್ಟು ಬರುತ್ತದೆ. ಬರಲೇಬೇಕು. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳಿದಾಗ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ (ಮತ್ತಾಯ 18) ಒಬ್ಬ ಸೇವಕನಿಗೆ ಜೊತೆಗಾರನಿಂದ ಬರಬೇಕಾದ ಸಾಲ ನೂರು ಧೇನಾರಿ. ಆ ಕಾಲದಲ್ಲಿ ಒಂದು ಧೇನಾರಿ ಒಂದು ದಿನದ ಕೂಲಿ. ಅಂದರೆ ಮೂರು ತಿಂಗಳಿಗೂ ಮೀರಿದ ಗಳಿಕೆ! ಅದು ನಿಜವಾದ ನಷ್ಟವೇ. ಆದರೆ ಆ ಸೇವಕನಿಗೆ ಅರಸ ಮನ್ನಾ ಮಾಡಿದ್ದು ಹತ್ತು ಸಾವಿರ ತಲಾಂತು. ಒಂದೊಂದು ತಲಾಂತೂ ಕೂಲಿಯವನ ಹದಿನೈದು ವರ್ಷದ ದುಡಿಮೆಗಿಂತ ಹೆಚ್ಚು. ಕ್ಷಮಿಸುವವನು ತನ್ನ ನೋವನ್ನು ಚಿಕ್ಕದೆಂದು ಸುಳ್ಳು ಹೇಳಬೇಕಿಲ್ಲ. ತಾನು ಪಡೆದ ಕ್ಷಮೆಯ ಪಕ್ಕದಲ್ಲಿ ಅದನ್ನು ಇಟ್ಟು ನೋಡಬೇಕು, ಅಷ್ಟೇ.

ನಮ್ಮ ಕಾಲದಲ್ಲೂ ಇದನ್ನು ಮಾಡಿ ತೋರಿಸಿದವರಿದ್ದಾರೆ. ಕೇರಳದ ಧರ್ಮಭಗಿನಿ ರಾಣಿ ಮರಿಯ ಮಧ್ಯಪ್ರದೇಶದ ಉದಯನಗರದಲ್ಲಿ ಬಡವರನ್ನು ಬಡ್ಡಿಯವರ ಹಿಡಿತದಿಂದ ಬಿಡಿಸಲು ದುಡಿದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬವನು ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ರಾಣಿ ಮರಿಯರ ಸ್ವಂತ ತಂಗಿ ಸೆಲ್ಮಿ ಪೌಲ್, ಅವರೂ ಧರ್ಮಭಗಿನಿಯೇ, 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಕೊಲೆಯಾಗಿ ಏಳು ವರ್ಷ ಕಳೆದಿತ್ತು. ಒಂದೇ ದಿನದಲ್ಲಿ ಆದ ಕೆಲಸವಲ್ಲ ಅದು. ಅವನ ಬಿಡುಗಡೆಗಾಗಿ ಸಲ್ಲಿಸಿದ ಮನವಿಗೆ ಮನೆಯವರು ಸಹಿ ಹಾಕಿದರು; 2006ರಲ್ಲಿ ಅವನು ಹೊರಬಂದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಧನ್ಯೆ ಎಂದು ಘೋಷಿಸಿದಾಗ ಆ ಜನರ ನಡುವೆ ಅವನೂ ಇದ್ದ.

ಇಲ್ಲೊಂದು ಮಾತು. ಕ್ಷಮೆ ಎಂದರೆ ತಪ್ಪನ್ನು ಮುಚ್ಚಿಹಾಕುವುದಲ್ಲ. ಆ ಮನೆಯವರು ಕ್ಷಮಿಸಿದರು, ಆದರೂ ಅವನು ಹತ್ತು ವರ್ಷಕ್ಕೂ ಮೀರಿ ಜೈಲಿನಲ್ಲಿದ್ದ. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ 'ಕ್ಷಮಿಸಿ ವಾಪಸ್ ಹೋಗಮ್ಮ' ಎಂದು ಹೇಳುವವರು ಸುವಾರ್ತೆಯನ್ನು ಸರಿಯಾಗಿ ಓದಿಲ್ಲ. ಅವಳು ಮೊದಲು ಸುರಕ್ಷಿತವಾಗಿರಲಿ.

ಉಳಿದವರು ಇಂದು ಶಿಲುಬೆಹಾದಿಯಲ್ಲಿ ನಡೆಯುವಾಗ ಒಬ್ಬರ ಹೆಸರನ್ನು, ಒಬ್ಬರದ್ದು ಸಾಕು, ಪ್ರತಿ ಸ್ಥಳದಲ್ಲೂ ಹೇಳಿ ಪ್ರಾರ್ಥಿಸಲಿ. ಮೊದಲ ಸ್ಥಳದಲ್ಲಿ ಗಂಟಲು ಕಟ್ಟಿದರೂ ಚಿಂತೆಯಿಲ್ಲ, ಹದಿನಾಲ್ಕು ಇವೆ. ಆ ವ್ಯಕ್ತಿ ತೀರಿಕೊಂಡಿದ್ದರೆ ಅವರ ಆತ್ಮಕ್ಕಾಗಿ ಒಂದು ಪೂಜೆ ಹೇಳಿಸಿ. ಬದುಕಿದ್ದರೆ, ಜಾತ್ರೆಯಲ್ಲಿ ಮಕ್ಕಳಿಗೆಂದು ಕಡಲೆಪುರಿ ಕಟ್ಟಿಸುವಾಗ ಆ ಮನೆಗೂ ಒಂದು ಪೊಟ್ಟಣ ಕಟ್ಟಿಸಿ. ಊರಿಗೆ ಹೋದವರು ಮೊದಲು ಅದನ್ನು ಕೊಟ್ಟು ಬನ್ನಿ. ಬಾಗಿಲು ತೆಗೆಯದಿದ್ದರೆ ಹೊಸ್ತಿಲ ಬಳಿ ಇಟ್ಟು ಬನ್ನಿ. ಮುಂದಿನ ಹಬ್ಬಕ್ಕೆ ಮತ್ತೆ ಹೋಗಬಹುದು.